ದಫೇದಾರ ಮೂಗಿಟ್ಟು ತೋರಿಸಿದ ಜಾಗಗಳು

ನಮ್ಮದು ಕೊಳ್ಳೇಗಾಲ ಸೀಮೆ ಎಂದು ಹೊರಗಿನವರಿಗೆ ಹೇಳಿದರೆ ಅವರು ಮೊದಲು ಕೇಳುವುದು ಮಾಟದ ವಿಷಯ. ಒಮ್ಮೆ ಮೈಸೂರಿಗೆ ತರಬೇತಿಗೆ ಹೋಗಿದ್ದಾಗ ಪಕ್ಕದಲ್ಲಿ ಕೂತಿದ್ದವರು ನನ್ನ ಊರು ಕೇಳಿ ಕುರ್ಚಿಯನ್ನು ಒಂದು ಗೇಣು ಆಚೆಗೆ ಸರಿಸಿಕೊಂಡಿದ್ದರು. ನನಗೆ ನಗು ಬಂದಿತ್ತು. ಗಾಳಿ, ಸೋಕು, ಶಕುನ, ಮಾಟ ಇವು ಯಾವುದನ್ನೂ ನಾನು ನಂಬಿದವನಲ್ಲ. ಈಗಲೂ ನಂಬುತ್ತೇನೆ ಎಂದು ಹೇಳಲಾರೆ. ಆದರೆ ನಾಲ್ಕು ವರ್ಷದ ಹಿಂದೆ ನನ್ನ ಮೈಮೇಲೆಯೇ ನಡೆದುಹೋದ ಒಂದು ಸಂಗತಿಯನ್ನು ಬರೆದಿಡಬೇಕು ಅನ್ನಿಸಿದೆ. ಬರೆದರೆ ಅರ್ಥವಾದೀತು ಎಂಬ ಆಸೆಯೇನಿಲ್ಲ. ನಡೆದದ್ದು ನಡೆದ ಕ್ರಮದಲ್ಲೇ ಒಂದು ಕಡೆ ಇರಲಿ, ಅಷ್ಟೆ.

ನಾನು ಆರೋಗ್ಯ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿದ್ದವನು. ಹನೂರು, ಯಳಂದೂರು, ಕೊಳ್ಳೇಗಾಲ, ನಡುವೆ ಎರಡು ವರ್ಷ ಬಿಳಿಗಿರಿರಂಗನ ಬೆಟ್ಟದ ಪೋಡುಗಳು ಎಂಬ ಕಾಡಿನ ಹಾಡಿಗಳು, ಇಷ್ಟರಲ್ಲೇ ನನ್ನ ಸರ್ವೀಸು ಮುಗಿಯಿತು. ನನ್ನ ಕೆಲಸ ಸೊಳ್ಳೆ. ಮನೆಮನೆಗೆ ಹೋಗಿ ತೊಟ್ಟಿ, ಡ್ರಮ್ಮು, ಹಳೇ ಟೈರು, ತೆಂಗಿನ ಚಿಪ್ಪು ಎಲ್ಲಕ್ಕೂ ಟಾರ್ಚ್ ಬಿಟ್ಟು ನೋಡುವುದು, ಸೊಳ್ಳೆಮರಿ ಇದ್ದರೆ ನೀರು ಚೆಲ್ಲಿಸುವುದು, ಆಮೇಲೆ ಬಾಗಿಲ ಪಕ್ಕದ ಗೋಡೆಯಲ್ಲಿ ಕೆಮ್ಮಣ್ಣಿನಿಂದ ಬರೆದ ಚೌಕದೊಳಗೆ ಅಂದಿನ ತಾರೀಖು ಹಾಕಿ ಸಹಿ ಮಾಡುವುದು. ಆ ಚೌಕ ನೋಡಿದರೆ ಮೇಲಿನ ಅಧಿಕಾರಿಗೆ ಆ ಮನೆಗೆ ಯಾರು, ಯಾವತ್ತು ಬಂದಿದ್ದರು ಎಂದು ತಿಳಿಯಬೇಕು. ನನ್ನ ಕೈಕೆಳಗೆ ಕೆಲಸಕ್ಕೆ ಬಂದ ಹುಡುಗರಿಗೆಲ್ಲ ಮೊದಲ ದಿನ ನಾನು ಹೇಳುತ್ತಿದ್ದದ್ದು ಒಂದೇ ಮಾತು: ನೋಡಿದ ಮೇಲೆ ಸಹಿ, ಸಹಿ ಆದ ಮೇಲೆ ಮುಂದಿನ ಮನೆ. ಜನ ನನ್ನನ್ನು ಸೊಳ್ಳೆ ಸಾಹೇಬ್ರು ಎನ್ನುತ್ತಿದ್ದರು. ಅದರಲ್ಲಿ ಗೌರವ ಎಷ್ಟು, ಗೇಲಿ ಎಷ್ಟು ಎಂದು ನಾನು ವಿಚಾರಿಸಲು ಹೋಗಲಿಲ್ಲ.

ನಿವೃತ್ತನಾದ ಮೇಲೆ ಮುಳ್ಳೂರಿನಲ್ಲಿ ಮನೆ ಕಟ್ಟಿಸಿದೆ. ನಾನು ಮತ್ತು ನನ್ನ ಹೆಂಡತಿ ಮಂಗಳಮ್ಮ. ಎಡಕ್ಕೂ ಬಲಕ್ಕೂ ರೇಷ್ಮೆಹುಳು ಸಾಕುವವರ ಮನೆಗಳು. ಹುಳು ಸಾಯುತ್ತವೆ ಎಂದು ಅವರು ಸೊಳ್ಳೆಹೊಗೆಯ ಗಾಡಿಯನ್ನು ಬೀದಿಗೇ ಬಿಡುವುದಿಲ್ಲ. ಹಾಗಾಗಿ ನೀರು ನಿಲ್ಲದಂತೆ ನೋಡಿಕೊಳ್ಳುವುದೊಂದೇ ದಾರಿ ಎಂದು ನಾನು ಮನೆಗೆ ಒಂದು ಶಿಸ್ತು ಹಾಕಿದ್ದೆ. ಬೆಳಿಗ್ಗೆ ಐದಕ್ಕೆ ಏಳುವುದು. ಐದೂವರೆಗೆ ಕ್ಷೌರ. ಆರಕ್ಕೆ ಜಗಲಿಯ ಮೇಲೆ ಕೂತು ಬೂಟಿನ ಲಾಡಿ ಕಟ್ಟಿ ನಾಲೆ ಏರಿಯ ಮೇಲೆ ನಡೆಯಲು ಹೋಗುವುದು. ಬಂದೊಡನೆ ನಾಯಿಯ ಬೇಸನ್ನಿನ ನೀರು ಚೆಲ್ಲಿ ಹೊಸ ನೀರು ತುಂಬುವುದು. ಶುಕ್ರವಾರ ಮನೆಯ ಪಾತ್ರೆಗಳನ್ನೆಲ್ಲ ಬೋರಲು ಹಾಕುವುದು. ಸರ್ವೀಸಿನಲ್ಲಿ ಬರೆಯುತ್ತಿದ್ದ ಹಾಗೆ ಡ್ಯೂಟಿ ಡೈರಿಯನ್ನೂ ಬರೆಯುತ್ತಿದ್ದೆ. ಮಂಗಳಮ್ಮ ಅದನ್ನು ನೋಡಿ, "ಯಾರ್ ನೋಡ್ಲಿ ಅಂತ ಬರೀತೀರಿ? ಮ್ಯಾಲಿನೋರು ಅಂದ್ರೆ ಈಗ ಒಬ್ನೇ ಶಿವ" ಎನ್ನುತ್ತಿದ್ದಳು.

ನನ್ನ ಜಾಗಕ್ಕೆ ಬಂದವನು ಸಿದ್ದರಾಜು. ನನ್ನ ಕೈಕೆಳಗೇ ಆರು ವರ್ಷ ಕೆಲಸ ಕಲಿತವನು. ಶುಕ್ರವಾರ ಹತ್ತು ಗಂಟೆಗೆ ತಪ್ಪದೆ ನಮ್ಮ ಮನೆಗೆ ಬರುತ್ತಿದ್ದ. ಕಾಫಿ ಕುಡಿದು, ಹಳೆಯ ಕಚೇರಿಯ ಸುದ್ದಿ ಹೇಳಿ, ಹೋಗುವಾಗ ನಮ್ಮ ಗೋಡೆಯ ಚೌಕದಲ್ಲಿ ತಾರೀಖು ಹಾಕಿ ಸಹಿ ಮಾಡುತ್ತಿದ್ದ. ಸಾಲಾಗಿ ಇಳಿದು ಬಂದಿದ್ದ ಆ ಸಹಿಗಳನ್ನು ನೋಡಿದಾಗೆಲ್ಲ ನನಗೆ ಒಂದು ಸಮಾಧಾನ. ನಾನು ಹೋದರೂ ಕೆಲಸ ನಿಂತಿಲ್ಲ ಎಂಬ ಸಮಾಧಾನ.

ನಾಯಿಯನ್ನು ನಾವು ತಂದದ್ದಲ್ಲ. ಮನೆ ಕಟ್ಟಿದ ವರ್ಷ ತಾನಾಗಿಯೇ ಬಂದು ಗೇಟಿನ ಬಳಿ ನಿಂತಿತು. ಕಂದು ಮೈ, ಎದೆಯ ಮೇಲೆ ಓರೆಯಾಗಿ ಒಂದು ಬಿಳಿ ಪಟ್ಟೆ, ಕಚೇರಿಯ ದಫೇದಾರರು ಹಾಕಿಕೊಳ್ಳುವ ಅಡ್ಡಪಟ್ಟಿಯ ಹಾಗೆ. ಬಂದವರನ್ನು ಸುಮ್ಮನೆ ನೋಡಿ ಒಳಗೆ ಬಿಡುವ ಗತ್ತೂ ಹಾಗೆಯೇ ಇತ್ತು. ಅದಕ್ಕೇ ದಫೇದಾರ ಎಂದು ಹೆಸರಿಟ್ಟೆವು. ಜಗಲಿಯ ಮೊದಲ ಕಲ್ಲಿನಿಂದ ಈಚೆಗೆ ಬರಕೂಡದು ಎಂದು ಅದಕ್ಕೆ ಕಲಿಸಿದ್ದೆ. ಐದು ವರ್ಷ ಅದು ಒಂದು ದಿನವೂ ಆ ಕಲ್ಲು ದಾಟಿರಲಿಲ್ಲ. ಮಳೆಯಲ್ಲಿ ನೆನೆಯುತ್ತಿದ್ದರೂ ಮುಂಗಾಲೆರಡನ್ನು ಸರಿಯಾಗಿ ಆ ಕಲ್ಲಿನ ಅಂಚಿಗೆ ಜೋಡಿಸಿಕೊಂಡು ಕೂತಿರುತ್ತಿತ್ತು. ನನ್ನ ಮಾತನ್ನು ಅಷ್ಟು ಚಾಚೂ ತಪ್ಪದೆ ನಡೆಸಿದವರು ಇಲಾಖೆಯಲ್ಲೂ ಯಾರೂ ಇರಲಿಲ್ಲ.

ಶ್ರಾವಣ ಕಳೆದ ಮೇಲಿನ ಒಂದು ಸೋಮವಾರ. ಆರು ಗಂಟೆ. ನಾನು ಬಗ್ಗಿ ಲಾಡಿ ಕಟ್ಟುತ್ತಿದ್ದೆ. ದಫೇದಾರ ಎದ್ದು, ಕಲ್ಲು ದಾಟಿ, ಜಗಲಿ ಹತ್ತಿ ಬಂದು ನನ್ನ ಎಡಗೈಯ ಮಣಿಕಟ್ಟಿನ ಒಳಭಾಗಕ್ಕೆ ಮೂಗಿಟ್ಟಿತು. ನೆಕ್ಕಲಿಲ್ಲ, ಬಾಲ ಆಡಿಸಲಿಲ್ಲ. ತಣ್ಣನೆಯ ಮೂಗನ್ನು ಒಂದೇ ಕಡೆ ಒತ್ತಿ ನಿಂತಿತು. ಹತ್ತು ಎಣಿಸುವಷ್ಟು ಹೊತ್ತು. ಆಮೇಲೆ ಇಳಿದು ಹೋಗಿ ಮೊದಲಿನಂತೆ ಕಲ್ಲಿನಾಚೆ ಕೂತಿತು. ನನಗೆ ಸಿಟ್ಟು ಬಂತು. ಗದರಿದೆ. ಕೈಯನ್ನು ಸೋಪು ಹಾಕಿ ತೊಳೆದೆ. ಅಂದಿನ ಡೈರಿಯಲ್ಲಿ ಬರೆದೆ: ನಾಯಿ ಕಲ್ಲು ದಾಟಿತು, ಎಡ ಮಣಿಕಟ್ಟು ಮುಟ್ಟಿತು, ಎಚ್ಚರಿಕೆ ಕೊಡಲಾಯಿತು.

ಸುಮಾರು ಒಂದು ವಾರ ಕಳೆದ ಮೇಲೆ ಆ ಮಣಿಕಟ್ಟಿನಲ್ಲಿ ಕಡಲೆಬೀಜದಷ್ಟು ಗಾತ್ರದ ಊತ ಬಂತು. ತುರಿಕೆ. ಎರಡು ದಿನಕ್ಕೆ ಇಳಿದುಹೋಯಿತು. ನಾಯಿಯ ಎಂಜಲು ತಾಗಿದ್ದಕ್ಕೆ ಎಂದುಕೊಂಡೆ. ನಂತರ ಇನ್ನೊಂದು ಬೆಳಿಗ್ಗೆ, ಅದೇ ಆರು ಗಂಟೆಗೆ, ನಾಯಿ ಮತ್ತೆ ಕಲ್ಲು ದಾಟಿ ಬಂದು ಮೊಣಕೈ ಮೇಲೆ ಮೂಗಿಟ್ಟಿತು. ಕೆಲವು ದಿನಕ್ಕೆ ಅಲ್ಲೂ ಊತ. ಆಮೇಲೆ ಭುಜ. ಆಮೇಲೆ ಕಿವಿಯ ಕೆಳಗೆ. ಪ್ರತಿ ಸಲವೂ ನಾನು ಗದರಿದೆ, ತೊಳೆದೆ, ಬರೆದೆ. ಊತ ಬಂದದ್ದನ್ನು ಡೈರಿಯ ಹಿಂದಿನ ಪುಟಗಳಲ್ಲಿ ಆರೋಗ್ಯ ಎಂದು ತಲೆಬರಹ ಕೊಟ್ಟು ಬೇರೆಯಾಗಿ ಬರೆಯುತ್ತಿದ್ದೆ. ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಲಿಲ್ಲ. ಇದು ನನ್ನ ತಪ್ಪು.

ಮಂಗಳಮ್ಮನಿಗೆ ಭಯ ಹತ್ತಿತು. "ಊತ ಎಲ್ಲಾದ್ರೂ ನಡ್ಕಂಡ್ ಓಗ್ತದಾ? ಇದು ಗಾಳಿ ಕಣ್ರಿ. ಒಂದ್ ದಾರ ಕಟ್ಟುಸ್ಕಬನ್ನಿ" ಎಂದಳು. "ನನ್ನ ಸರ್ವೀಸಿನಲ್ಲಿ ಇಷ್ಟು ಜನರ ಕೈಯಿಂದ ದಾರ ಬಿಚ್ಚಿಸಿದ್ದೇನೆ, ಈಗ ನಾನು ಕಟ್ಟಿಸಿಕೊಂಡು ಬರಲಾ?" ಎಂದೆ. "ಅವ್ರೆಲ್ಲ ಸೇರ್ಕಂಡು ಹಾಕಿದ್ ಶಾಪಾನೇ ಇರ್ಬೇಕು" ಎಂದು ಒಳಗೆ ಹೋದಳು.

ಒಂದು ಬೆಳಿಗ್ಗೆ ನಾಯಿ ಎಡ ಕಪಾಳದ ಮೇಲುಭಾಗಕ್ಕೆ, ಕಣ್ಣಿನ ಪಕ್ಕದ ಗುಳಿಗೆ ಮೂಗಿಟ್ಟಿತು. ವಾರದಲ್ಲಿ ಅಲ್ಲೂ ಊತ ಬಂತು. ಅದಾದ ಕೆಲವು ದಿನಕ್ಕೆ ನಾಯಿ ಬಂದ ರೀತಿಯೇ ಬೇರೆ. ಕಲ್ಲು ದಾಟಿ, ಜಗಲಿ ಹತ್ತಿ, ಕೂತಿದ್ದ ನನ್ನ ಎದೆಯ ಮೇಲೆ ಎರಡೂ ಮುಂಗಾಲು ಊರಿ ಎದ್ದು ನಿಂತು, ಎಡಗಣ್ಣಿನ ಮೂಲೆಗೆ ಮೂಗೊತ್ತಿತು. ಅದರ ಉಸಿರು ನನ್ನ ರೆಪ್ಪೆಗೆ ತಾಗಿತು. ನಾನು ಕೈಯಲ್ಲಿದ್ದ ಬೂಟಿನಿಂದ ಅದರ ತಲೆಗೆ ಹೊಡೆದೆ. ಅದು ಕೂಗಲಿಲ್ಲ. ಮೂಗನ್ನು ತೆಗೆಯಲೂ ಇಲ್ಲ. ತನ್ನ ಹೊತ್ತು ಮುಗಿದ ಮೇಲೆಯೇ ಇಳಿದು, ಕಲ್ಲಿನಾಚೆ ಹೋಗಿ ಕೂತು ನನ್ನನ್ನು ನೋಡಿತು. ಐದು ವರ್ಷದಲ್ಲಿ ಅದನ್ನು ನಾನು ಹೊಡೆದದ್ದು ಅದೇ ಮೊದಲು.

ಅದಾದ ಒಂಬತ್ತನೆಯ ದಿನ, ಐದೂವರೆಗೆ, ಕ್ಷೌರಕ್ಕೆಂದು ಕನ್ನಡಿಯ ಮುಂದೆ ನಿಂತಿದ್ದೆ. ಹಿಂದಿನ ರಾತ್ರಿಯಿಂದ ಎಡಗಣ್ಣಿನಲ್ಲಿ ಮರಳು ಬಿದ್ದ ಹಾಗೆ ಆಗುತ್ತಿತ್ತು. ರೆಪ್ಪೆ ಅಗಲಿಸಿ ನೋಡಿದೆ. ಬಿಳಿಗುಡ್ಡೆಯ ಮೇಲೆ, ತೆಳು ಪೊರೆಯ ಅಡಿಯಲ್ಲಿ, ಹೊಲಿಗೆ ದಾರದಷ್ಟು ದಪ್ಪದ ಬಿಳಿಯದೊಂದು ಸುರುಳಿ. ನೋಡುತ್ತಿದ್ದ ಹಾಗೆಯೇ ಅದು ಸುರುಳಿ ಬಿಚ್ಚಿ ಕಪ್ಪುಗುಡ್ಡೆಯ ಅಂಚಿನಲ್ಲಿ ಸಾಗಿ ಮೇಲಿನ ರೆಪ್ಪೆಯೊಳಗೆ ಮರೆಯಾಯಿತು. ಅಷ್ಟು ವರ್ಷ ಎಷ್ಟೋ ಹುಳುಗಳನ್ನು ಗಾಜಿನ ಮೇಲೆ ಇಟ್ಟು ನೋಡಿದ ಕಣ್ಣು ಅದು. ಈಗ ಅದರೊಳಗೇ ಒಂದು ನಡೆಯುತ್ತಿತ್ತು. ನಾನು ಕ್ಷೌರದ ಕತ್ತಿಯನ್ನು ಕೆಳಗಿಟ್ಟೆ. ಅವತ್ತು ಗಡ್ಡ ಹಾಗೆಯೇ ಉಳಿಯಿತು.

ಕೊಳ್ಳೇಗಾಲದ ಕಣ್ಣಿನ ಡಾಕ್ಟರು ಸಣ್ಣ ವಯಸ್ಸಿನ ಹೆಣ್ಣುಮಗಳು. ದೀಪ ಬಿಟ್ಟು ನೋಡಿ ತಕ್ಷಣವೇ ಒಳಗೆ ಮಲಗಿಸಿದರು. ಮರಗಟ್ಟಿಸುವ ಹನಿ ಹಾಕಿ, ಪೊರೆಯನ್ನು ಒಂದಿಷ್ಟು ಕತ್ತರಿಸಿ, ಚಿಮುಟದಿಂದ ಎಳೆದರು. ನೋವಿರಲಿಲ್ಲ. ಆದರೆ ಎಳೆಯುತ್ತಲೇ ಇದ್ದಾರೆ, ಇನ್ನೂ ಮುಗಿಯಲಿಲ್ಲ ಎಂಬುದು ತಿಳಿಯುತ್ತಿತ್ತು. ಬಾಟಲಿಗೆ ಹಾಕಿ ತೋರಿಸಿದರು. ಒಂದು ಗೇಣಿಗೆ ತುಸು ಕಡಿಮೆ. ಇನ್ನೂ ಹೊರಳಾಡುತ್ತಿತ್ತು.

"ಇದು ನಾಯಿ ಹುಳ ಸರ್. ನಾಯಿ ಚರ್ಮದಡಿ ಇರತ್ತೆ, ಮರಿಗಳು ಅದರ ರಕ್ತದಲ್ಲಿ ಓಡಾಡ್ತಿರ್ತವೆ. ಸೊಳ್ಳೆ ನಾಯಿಗೆ ಕಚ್ಚಿ ಆಮೇಲೆ ನಮಗೆ ಕಚ್ಚಿದ್ರೆ ನಮಗೂ ಬರತ್ತೆ. ನಮ್ಮ ಮೈಯಲ್ಲಿ ಮರಿ ಹಾಕಲ್ಲ. ದಾರಿ ತಪ್ಪಿದ ಹಾಗೆ ಸುತ್ತಾಡ್ತಾ ಇರತ್ತೆ. ಮನೇಲಿ ನಾಯಿ ಇದೆಯಾ?"

"ಇದೆ."

"ಸೊಳ್ಳೆ?"

"ನಮ್ಮ ಮನೆಯಲ್ಲಿ ಸೊಳ್ಳೆ ಇಲ್ಲ" ಎಂದೆ.

ಅವರು ಕೈಗವಸು ತೆಗೆಯುತ್ತ ನಕ್ಕರು. "ಹುಳ ಬಸ್ ಹತ್ಕೊಂಡು ಬರಲ್ಲ ಸರ್."

ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಬಂದವನು ಕೂರಲಿಲ್ಲ. ಟಾರ್ಚ್ ತೆಗೆದುಕೊಂಡು, ಬೇರೆಯವರ ಮನೆಗೆ ಹೋದವನ ಹಾಗೆ ನನ್ನ ಮನೆಯನ್ನು ಮುಂಬಾಗಿಲಿನಿಂದ ನೋಡುತ್ತ ಹೋದೆ. ಅಡುಗೆಮನೆ ಸರಿ. ಬಚ್ಚಲು ಸರಿ. ಹಿತ್ತಲಲ್ಲಿ ಸೌದೆ ಒಟ್ಟಿದ್ದ ಹಿಂದೆ, ನೆಲದಲ್ಲಿ ಹೂತಿದ್ದ ಹಳೆಯ ಒರಳುಕಲ್ಲೊಂದು ಇತ್ತು. ಮನೆ ಕಟ್ಟುವ ಮೊದಲಿನಿಂದ ಅಲ್ಲಿದ್ದದ್ದು. ಅದರ ಕುಳಿಯ ತುಂಬ ನೀರು. ಟಾರ್ಚ್ ಬಿಟ್ಟೆ. ಬೆಳಕು ಬಿದ್ದೊಡನೆ ಮರಿಗಳೆಲ್ಲ ಒಟ್ಟಿಗೆ ಕೆಳಕ್ಕೆ ಇಳಿದವು. ನನಗೆ ಚೆನ್ನಾಗಿ ಪರಿಚಯವಿದ್ದ ಇಳಿತ ಅದು.

"ಇದಕ್ಕೆ ನೀರು ಯಾರು ಹಾಕಿದ್ದು?" ಎಂದು ಕೂಗಿದೆ.

ಮಂಗಳಮ್ಮ ಸೆರಗಿಗೆ ಕೈ ಒರೆಸುತ್ತ ಬಂದಳು. "ನಾನೇ. ನೀವ್ ಇಟ್ಟ ನೀರ್ನ ನೀವೇ ಚೆಲ್‌ಬುಡ್ತೀರಿ. ಬಿಸ್ಲೊತ್ನಲ್ಲಿ ಆ ಬೇಸನ್ನು ಕಾಯ್ದು ಅದ್ರ ಬಾಯ್ ಸುಟ್ಟೋಗದು. ಕಲ್ನಾಗೆ ತಣ್ಣಗಿರ್ತದೆ ಅಂತ ದಿನಾ ಒಂದ್ ಚೊಂಬು ಹುಯ್ತಿದ್ದೆ. ಅದ್ಕೂ ಜೀವ ಅಲ್ವ್ರಾ?"

"ಎಷ್ಟು ದಿನದಿಂದ?"

"ಅದು ಬಂದಾಗ್ಲಿಂದ."

ಐದು ವರ್ಷ. ಐದು ವರ್ಷ ನಾನು ಮುಂಬಾಗಿಲಲ್ಲಿ ಬೇಸನ್ನು ಚೆಲ್ಲುತ್ತಿದ್ದೆ, ಇವಳು ಹಿತ್ತಲಲ್ಲಿ ಚೊಂಬು ಸುರಿಯುತ್ತಿದ್ದಳು. ಮುಂದಕ್ಕೆ ಬಂದು ಗೋಡೆಯ ಚೌಕ ನೋಡಿದೆ. ಒಂದು ಶುಕ್ರವಾರವೂ ತಪ್ಪಿರಲಿಲ್ಲ.

ಶುಕ್ರವಾರ ಸಿದ್ದರಾಜು ಬಂದ. ಅವನಿಗೆ ಕಾಫಿ ಕೊಡಬೇಡ ಎಂದು ಮಂಗಳಮ್ಮನಿಗೆ ಹೇಳಿ, ಹಿತ್ತಲಿಗೆ ಕರೆದುಕೊಂಡು ಹೋಗಿ ಒರಳುಕಲ್ಲು ತೋರಿಸಿದೆ. ಅವನು ಈ ಕಲ್ಲನ್ನು ಅದುವರೆಗೆ ನೋಡಿಯೇ ಇರಲಿಲ್ಲ.

"ಹಾಗಾದರೆ ಆ ಸಹಿಗಳು?"

"ನಿಮ್ಮನೇಲಿ ನಾನ್ ಟಾರ್ಚ್ ಬುಟ್ಟು ನೋಡದಾ ಸಾ? ನಿಮ್ಗೇ ಅವಮಾನ ಮಾಡ್ದಂಗ ಆಗಕಿಲ್ವಾ?"

"ನೋಡದೆ ಇದ್ದ ಮೇಲೆ ಸಹಿ ಯಾಕೆ ಮಾಡಿದೆ?"

"ಮಾಡ್ದಿದ್ರೆ ನೀವೇ ಬಯ್ತಿದ್ರಿ ಸಾ."

ಆಮೇಲೆ ಬಹಳ ಮೆಲ್ಲಗೆ, ನನಗೆ ನೆನಪಾಗಲಿ ಎಂಬಂತೆ ಹೇಳಿದ: "ಯಳಂದೂರಲ್ಲಿ ನಿಮ್ಮ ಮೇಷ್ಟ್ರ ಮನೆಗ್ ಓಗಿದ್ವಲ್ಲ ಸಾ, ಅವತ್ತು ನೀವೂ ಕಾಫಿ ಕುಡ್ದು ಸಹಿ ಮಾಡ್ಬುಟ್ ಬಂದ್ರಿ. ತೊಟ್ಟಿ ನೋಡ್ನಿಲ್ವಲ್ಲ ಸಾ ಅಂದೆ. 'ಗುರುಗಳ ಮನೆ ಕಣಯ್ಯ' ಅಂದ್ರಿ. ನಾನು ಅದ್ನೇ ಕಲ್ತದ್ದು."

ಅದು ನಿಜ. ನನಗೆ ಮರೆತೇಹೋಗಿತ್ತು. ಇಡೀ ಸರ್ವೀಸಿನಲ್ಲಿ ನಾನು ನೋಡದೆ ಮಾಡಿದ ಸಹಿ ಅದೊಂದೇ. ನಾನು ಹೇಳಿಕೊಟ್ಟದ್ದು ನೂರು ಸಲ, ಆ ಹುಡುಗ ಹಿಡಿದುಕೊಂಡದ್ದು ಆ ಒಂದನ್ನು. ಕೊನೆಗೆ ಮಂಗಳಮ್ಮನೇ ಕಾಫಿ ತಂದಳು.

ಆ ದಿನಗಳಲ್ಲಿ ನನ್ನ ಮನಸ್ಸು ಹೇಗಿತ್ತು ಎಂದು ಮುಚ್ಚಿಡದೆ ಹೇಳಬೇಕು. ಎಲ್ಲರೂ ಸೇರಿ ನನಗೆ ಮೋಸ ಮಾಡಿದರು ಅನ್ನಿಸುತ್ತಿತ್ತು. ಹೆಂಡತಿ ಕರುಣೆಯಿಂದ ಮಾಡಿದಳು, ಶಿಷ್ಯ ಗೌರವದಿಂದ ಮಾಡಿದ. ಇವರ ಮೇಲೆ ಸಿಟ್ಟು ತೀರಿಸಿಕೊಳ್ಳುವ ಹಾಗಿರಲಿಲ್ಲ. ಉಳಿದದ್ದು ನಾಯಿ. ಕಲ್ಲಿನಾಚೆ ಕಾಲು ಜೋಡಿಸಿಕೊಂಡು ಕೂತ ಅದನ್ನು ನೋಡಿದರೆ ಮೈ ಉರಿಯುತ್ತಿತ್ತು. ಮೇಲೆ ಅಷ್ಟು ವಿಧೇಯ, ಒಳಗೆ ರಕ್ತದ ತುಂಬ ಹುಳು. ನನ್ನ ಅನ್ನ ತಿಂದು ನನ್ನ ಕಣ್ಣಿಗೇ ಬಿಟ್ಟಿತು ಎಂದುಕೊಂಡೆ.

ದನದ ಡಾಕ್ಟರನ್ನು ಕರೆಸಿ ಅದರ ರಕ್ತ ತೆಗೆಸಿದೆ. ಪರೀಕ್ಷೆಗೆ ಮೈಸೂರಿಗೆ ಹೋಗಬೇಕು, ವರದಿಗೆ ಎರಡು ವಾರ ಎಂದರು. ವರದಿ ಬರುವ ಮುನ್ನ ತೀರ್ಮಾನ ಕೂಡದು ಎಂಬುದು ನಾನು ಇಲಾಖೆಯಲ್ಲಿ ಎಷ್ಟೋ ಜನರಿಗೆ ಹೇಳಿದ ಮಾತು. ಆದರೆ ನನಗೆ ಎರಡು ದಿನವೂ ಕಾಯಲಾಗಲಿಲ್ಲ. ಒಂದು ಗೂಡ್ಸ್ ಆಟೋ ಮಾಡಿಕೊಂಡು, ದಫೇದಾರನನ್ನು ಹತ್ತಿಸಿಕೊಂಡು, ಹನೂರು ದಾಟಿ ರಾಮಾಪುರಕ್ಕೆ ಹೋದೆ. ಅಲ್ಲಿ ಮಂಗಳಮ್ಮನ ತಮ್ಮ ಮಾದೇಶನ ಹೊಲವಿದೆ, ಕಾಡಿನ ಅಂಚಿಗೆ.

ಮಾದೇಶ ಆಟೋ ನೋಡಿ ನಕ್ಕ. "ಏನ್ ಭಾವ, ಪೆನ್ಸನ್ ಬಂದ್ರೂವೆ ಟ್ರಾನ್ಸ್‌ಫರ್ ಮಾಡ ಚಾಳಿ ಬುಡ್ನಿಲ್ವಲ್ಲ ನೀವು. ದಫೇದಾರ್ನ ಕಾಡಂಚಿಗ್ ಆಕ್ಬುಟ್ರಾ?" ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದ. "ಇಲ್ಲಿ ಚಿರತೆ ಕಾಟ ಭಾವ. ಕಟ್ಟಾಕಂಗೂ ಇಲ್ಲ, ಬುಡಂಗೂ ಇಲ್ಲ. ಓದ್ ತಿಂಗ್ಳು ನಮ್ದೇ ಒಂದು ಓಯ್ತು."

ನನಗೆ ಗೊತ್ತಿತ್ತು. ಗೊತ್ತಿದ್ದೇ ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಇದನ್ನು ಇಲ್ಲಿಯವರೆಗೆ ಮಂಗಳಮ್ಮನಿಗೂ ಹೇಳಿಲ್ಲ. ಆಟೋ ಹೊರಟಾಗ ನಾಯಿ ಹಿಂದೆ ಓಡಿ ಬರಲಿಲ್ಲ. ಹೊಲದ ಬದುವಿನಲ್ಲಿ ಒಂದು ಕಲ್ಲಿತ್ತು. ಅದರ ಅಂಚಿಗೆ ಮುಂಗಾಲು ಜೋಡಿಸಿಕೊಂಡು ಕೂತಿತು.

ಹತ್ತು ದಿನ ಬಿಟ್ಟು ಕಣ್ಣಿನ ಡಾಕ್ಟರ ಹತ್ತಿರ ಮತ್ತೆ ಹೋಗಬೇಕಿತ್ತು. ಊತ ಎಲ್ಲೆಲ್ಲಿ, ಯಾವಾಗ ಬಂತು ಬರೆದುಕೊಂಡು ಬನ್ನಿ ಎಂದಿದ್ದರು. ಬರೆಯುವುದೇನು, ಬರೆದದ್ದೇ ಇದೆಯಲ್ಲ ಎಂದು ಡೈರಿಯನ್ನೇ ಒಯ್ದೆ. ಅವರು ಹಿಂದಿನ ಪುಟ ನೋಡಿ, ಮುಂದಿನ ಪುಟಗಳನ್ನೂ ತಿರುವಿ, ಒಂದು ಹಾಳೆ ತೆಗೆದುಕೊಂಡು ಎರಡು ಸಾಲು ಎಳೆದರು. ಒಂದು ಸಾಲಿನಲ್ಲಿ ನಾಯಿ, ಇನ್ನೊಂದರಲ್ಲಿ ಊತ. ಮಣಿಕಟ್ಟು, ಮೊಣಕೈ, ಭುಜ, ಕಿವಿಯ ಕೆಳಗೆ, ಕಪಾಳ, ಕಣ್ಣು. ಎರಡೂ ಸಾಲು ಒಂದೇ. ಆದರೆ ನಾಯಿಯ ಸಾಲು ಪ್ರತಿ ಬಾರಿಯೂ ಮುಂದಿತ್ತು. ಒಂದು ಕಡೆ ಏಳು ದಿನ, ಒಂದು ಕಡೆ ಒಂಬತ್ತು.

"ನಾಯಿಗೆ ವಾಸನೆ ಸಿಕ್ಕಿರಬಹುದು ಸರ್. ಹುಳ ಇರೋ ಕಡೆ ಮೂಸಿದ್ರೆ ನಾನೂ ಒಪ್ತೀನಿ" ಎಂದರು. ಹಾಳೆಯನ್ನು ಮತ್ತೆ ನೋಡಿದರು. "ಇನ್ನೂ ಹೋಗದೇ ಇರೋ ಕಡೆ ಹೇಗೆ ಮೂಸತ್ತೆ?"

ಓದುವವರಿಗೆ ಒಂದು ವಿಷಯ ಹೇಳಿಬಿಡಬೇಕು. ಕಪಾಳದ ನಮೂದನ್ನು ನಾನು ಆ ದಿನವೇ ಬರೆದಿರಲಿಲ್ಲ, ಮರುದಿನ ಬರೆದೆ. ಅದರಲ್ಲಿ ತಪ್ಪಿರಬಹುದು. ಅದನ್ನು ಬಿಟ್ಟು ಲೆಕ್ಕ ಹಾಕಿದರೂ ಉಳಿದ ಐದು ಹಾಗೆಯೇ ನಿಲ್ಲುತ್ತವೆ. ನಾನು ಯಾವುದನ್ನು ಕಲ್ಲು ದಾಟಿದ ಅಪರಾಧ ಎಂದು ಬರೆದುಕೊಂಡಿದ್ದೆನೋ ಅದು ಒಂದು ಬಗೆಯ ವರದಿಯಾಗಿತ್ತು. ನಾನು ಓದಲಿಲ್ಲ. ಬೂಟಿನಿಂದ ಹೊಡೆದೆ.

ಆ ವಾರವೇ ದನದ ಡಾಕ್ಟರ ಫೋನು ಬಂತು. ದಫೇದಾರನ ರಕ್ತದಲ್ಲಿ ಏನೂ ಸಿಕ್ಕಿಲ್ಲ. ಒಂದು ಪರೀಕ್ಷೆಯಲ್ಲಿ ಕೆಲವೊಮ್ಮೆ ತಪ್ಪಿಹೋಗುವುದೂ ಉಂಟು, ಇನ್ನೊಂದು ಸಲ ನೋಡೋಣ, ನಾಯಿ ತನ್ನಿ ಎಂದರು. ನಾನು ಫೋನು ಇಟ್ಟು ಜಗಲಿಯ ಮೇಲೆ ಕೂತೆ. ಬೀದಿಯಲ್ಲಿ ನಾಯಿಗಳೇನು ಕಡಿಮೆಯೇ. ಯಾವುದೋ ನಾಯಿಯ ಹುಳುವನ್ನು, ನನ್ನ ಮನೆಯ ಕಲ್ಲಿನಲ್ಲೇ ಹುಟ್ಟಿದ ಸೊಳ್ಳೆ, ನನಗೆ ತಂದುಕೊಟ್ಟಿರಬಹುದು. ಈ ಸಾಲಿನಲ್ಲಿ ದಫೇದಾರನ ತಪ್ಪು ಎಲ್ಲಿಯೂ ಕಾಣಲಿಲ್ಲ.

ಮರುದಿನವೇ ರಾಮಾಪುರಕ್ಕೆ ಹೊರಟೆ. ಮಂಗಳಮ್ಮ ತಾನೂ ಬರುತ್ತೇನೆಂದು ಒಂದು ಡಬ್ಬಿಯಲ್ಲಿ ಮೊಸರನ್ನ ತುಂಬಿಕೊಂಡು ಬಂದಳು. ಬಸ್ಸಿನಲ್ಲಿ ಕಿಟಕಿಯ ಕಡೆಗೇ ಮುಖ ಮಾಡಿ ಕೂತಳು. ಡಬ್ಬಿ ನನಗಲ್ಲ ಎಂಬುದು ಅವಳು ಹಿಡಿದುಕೊಂಡ ರೀತಿಯಲ್ಲೇ ತಿಳಿಯುತ್ತಿತ್ತು.

ಹನ್ನೊಂದು ಗಂಟೆ ಇರಬಹುದು. ಒಳ್ಳೆಯ ಬಿಸಿಲು. ಮಾದೇಶ ಮುಸುಕಿನ ಜೋಳದ ಹೊಲದ ಕಡೆ ಕೈ ತೋರಿಸಿ, "ಅಲ್ಲೇ ಅದೆ ಭಾವ. ಉಣ್ಣಕ್ ಮಾತ್ರ ಬತ್ತದೆ. ರಾತ್ರಿ ಎಲ್ಲಿರ್ತದೋ ಆ ಮಾದಪ್ಪನ್ಗೇ ಗೊತ್ತು" ಎಂದ. ನಾನು ಹೆಸರು ಹಿಡಿದು ಕೂಗಿದೆ. ಜೋಳದ ಸಾಲಿನ ನಡುವಿನಿಂದ ಅದು ಬಂತು. ಬಡಕಲಾಗಿತ್ತು, ಎದೆಯ ಬಿಳಿ ಪಟ್ಟೆ ಮಣ್ಣಾಗಿತ್ತು. ನನಗಿಂತ ನಾಲ್ಕು ಮಾರು ದೂರದಲ್ಲಿ ನಿಂತಿತು. ಬಾ ಎಂದೆ. ಬರಲಿಲ್ಲ. ಕಲ್ಲು ದಾಟಬೇಡ ಎಂದು ಕಲಿಸಿದ ನನಗೆ, ದಾಟಿ ಬಾ ಎಂದು ಅದಕ್ಕೆ ಹೇಗೆ ಹೇಳಬೇಕೋ ಗೊತ್ತಾಗಲಿಲ್ಲ.

ಮಂಗಳಮ್ಮ ಕುಕ್ಕರುಗಾಲಲ್ಲಿ ಕೂತು ಡಬ್ಬಿಯ ಮುಚ್ಚಳ ತೆಗೆದಳು. ದಫೇದಾರ ನನ್ನನ್ನು ಬಳಸಿಕೊಂಡು ಅವಳ ಹತ್ತಿರ ಹೋಯಿತು. ಅನ್ನವನ್ನು ಮೂಸಿ ನೋಡಲೂ ಇಲ್ಲ. ಅವಳ ಎಡ ಮೊಣಕೈಯ ಒಳಮಡಿಕೆಗೆ ಮೂಗಿಟ್ಟಿತು. ಬಾಲ ಆಡಲಿಲ್ಲ. ಕಣ್ಣು ಮಾತ್ರ ನನ್ನ ಕಡೆಗಿತ್ತು. ನಾನು ಒಳಗೇ ಎಣಿಸಿದೆ. ಹತ್ತಕ್ಕೆ ಸರಿಯಾಗಿ ಮೂಗು ತೆಗೆಯಿತು.

"ನೋಡಿ, ನನ್ ಮ್ಯಾಲೆ ಎಷ್ಟು ಪ್ರೀತಿ" ಎಂದು ಮಂಗಳಮ್ಮ ಕಣ್ಣು ಒರೆಸಿಕೊಂಡಳು. ಡಾಕ್ಟರ ಹಾಳೆಯ ವಿಷಯ ನಾನು ಅವಳಿಗೆ ಹೇಳಿರಲಿಲ್ಲ.

ನಾನು ಹಗ್ಗ ತೆಗೆದುಕೊಂಡು ಒಂದು ಹೆಜ್ಜೆ ಮುಂದಿಟ್ಟೆ. ಅದು ಓಡಲಿಲ್ಲ. ತಿರುಗಿ, ಕೆಲಸ ಮುಗಿಸಿದವರ ನಡಿಗೆಯಲ್ಲಿ, ಜೋಳದ ಸಾಲು ದಾಟಿ, ಲಂಟಾನ ಪೊದೆಗಳ ನಡುವೆ ಕಾಡಿನೊಳಗೆ ಹೋಯಿತು. ನಾವು ಸಂಜೆ ಕೊನೆಯ ಬಸ್ಸಿನವರೆಗೂ ಕೂಗಿದೆವು. ಆಮೇಲೆ ಅದು ಮಾದೇಶನ ಕಣ್ಣಿಗೂ ಬಿದ್ದಿಲ್ಲ. ಕಾಡಂಚಿನಲ್ಲಿ ಚಿರತೆಯ ಹೆಜ್ಜೆಯೂ ಆ ವಾರ ಕಂಡಿರಲಿಲ್ಲವಂತೆ.

ಇದಿಷ್ಟು ನಡೆದದ್ದು. ಊರಿಗೆ ಬಂದ ಮೇಲೆ ಮಂಗಳಮ್ಮನನ್ನು ಅದೇ ಕಣ್ಣಿನ ಡಾಕ್ಟರಿಗೂ, ಅವರು ಹೇಳಿದ ಇನ್ನೊಬ್ಬರಿಗೂ ತೋರಿಸಿದೆ. ಏನೂ ಇಲ್ಲ ಎಂದರು. ಹೋದ ವರ್ಷ ಮತ್ತೆ ತೋರಿಸಿದಾಗ, ಹುಳು ಮೈಯಲ್ಲಿ ಇಷ್ಟು ಕಾಲ ಸುಮ್ಮನಿರುವುದಿಲ್ಲ ಎಂದೂ ಹೇಳಿದರು. ಅವರು ಹೇಳುವುದು ಸರಿಯಿರಬೇಕು. ಒರಳುಕಲ್ಲನ್ನು ಕೀಳಿಸಿ ಹಾಕಿದ್ದೇನೆ. ಸಿದ್ದರಾಜು ಈಗ ಟಾರ್ಚ್ ಹಿಡಿದು ಹಿತ್ತಲಿಗೆ ಹೋಗಿ ನೋಡಿಯೇ ಸಹಿ ಮಾಡುತ್ತಾನೆ. ದಫೇದಾರನ ಬೇಸನ್ನಿಗೆ ಮಾತ್ರ ದಿನವೂ ನೀರು ತುಂಬುತ್ತೇನೆ, ದಿನವೂ ಚೆಲ್ಲುತ್ತೇನೆ. ಆ ನಾಯಿ ನನಗೆ ದ್ರೋಹ ಮಾಡಿತು ಎಂದುಕೊಂಡಿದ್ದೆ. ಆ ಮಾತನ್ನು ಈಗ ಯಾರ ಮುಂದೆ ಹಿಂದಕ್ಕೆ ತೆಗೆದುಕೊಳ್ಳಲಿ.

ಈಗ ಬೆಳಿಗ್ಗೆ ಆರು ಗಂಟೆಗೆ ಬೂಟು ಹಾಕುವ ಮೊದಲು ಮಂಗಳಮ್ಮನ ಎಡ ಮೊಣಕೈಯ ಒಳಮಡಿಕೆಯನ್ನು ಬೆರಳಿನಿಂದ ಒತ್ತಿ ನೋಡುತ್ತೇನೆ. ನಾಲ್ಕು ವರ್ಷದಲ್ಲಿ ಒಂದು ದಿನ ತಪ್ಪಿಸಿಲ್ಲ. ಡೈರಿಯಲ್ಲಿ ಅದಕ್ಕೊಂದು ಅಂಕಣ ಮಾಡಿ 'ಇಲ್ಲ' ಎಂದು ಬರೆಯುತ್ತೇನೆ. ಮೊದಮೊದಲು ಅವಳು ನಗುತ್ತಿದ್ದಳು, ಆಮೇಲೆ ಬಯ್ಯುತ್ತಿದ್ದಳು, ಈಗ ಕಾಫಿ ಸೋಸುತ್ತಿರುವ ಕೈಯನ್ನೇ ಹಾಗೆ ಚಾಚುತ್ತಾಳೆ.

ಮೊನ್ನೆ ಅವಳಿಗೆ ಜ್ವರ. ಹೊದ್ದು ಮಲಗಿದ್ದಳು. ಆರು ಗಂಟೆಗೆ ನಾನು ಬಾಗಿಲಲ್ಲಿ ನಿಂತದ್ದು ನೋಡಿ ಕಣ್ಣು ಮುಚ್ಚಿಕೊಂಡೇ ಹೇಳಿದಳು: "ಏನೂ ಇಲ್ಲ ಕಣ್ರಿ. ಇಲ್ಲ ಅಂತ ಬರ್ಕಳಿ ಓಗಿ. ನಿಮ್ಮನೆ ತಾನೆ, ನೋಡದೇನು?"

ನಾನು ಹೊದಿಕೆ ಸರಿಸಿ, ಕೈ ಬಿಡಿಸಿ, ನೋಡಿದ ಮೇಲೆಯೇ ಬರೆದೆ.